ಅವ್ವನ ಬಿಪಿ, ಬೀಗತಿಯ ಮಾತು

ನಮ್ಮ ಅವ್ವನ ರಕ್ತದೊತ್ತಡ ಅರಕೇರಾದಲ್ಲಿ ಒಂದಿರುತ್ತಿತ್ತು, ರಾಯಚೂರಿನಲ್ಲಿ ಇನ್ನೊಂದು. ನಡುವೆ ಇದ್ದದ್ದು ದೇವದುರ್ಗದಲ್ಲಿ ಬಸ್ಸು ಬದಲಿಸಿ ಬರುವ ದಾರಿ ಅಷ್ಟೆ. ಊರಿನ ಆಶಾ ಕಾರ್ಯಕರ್ತೆ ಮನೆಯ ಕಟ್ಟೆಯ ಮೇಲೆ ಕೂರಿಸಿ ನೋಡಿದರೆ ಎಲ್ಲ ಸರಿ. ರಾಯಚೂರಿನ ಕಣ್ಣಿನ ಆಸ್ಪತ್ರೆಯಲ್ಲಿ ನರ್ಸ್ ನೋಡಿದರೆ ಯಂತ್ರವೇ ಗಾಬರಿಯಾಗುವಷ್ಟು. ಹೀಗಾಗಿ ಅವಳ ಬಲಗಣ್ಣಿನ ಪೊರೆ ತೆಗೆಯುವ ಕೆಲಸ ಎರಡು ಸಲ ಮುಂದೆ ಹೋಯಿತು.

ನಾನು ರಾಯಚೂರಿನಲ್ಲಿ ಪತ್ರಿಕೆಯೊಂದರ ಜಿಲ್ಲಾ ಪುಟವನ್ನು ನೋಡಿಕೊಳ್ಳುವವನು. ತಾಲ್ಲೂಕುಗಳಿಂದ ಬರುವ ಸುದ್ದಿಯನ್ನು ತಿದ್ದಿ, ಕತ್ತರಿಸಿ, ತಲೆಬರಹ ಕೊಟ್ಟು, ಹೊತ್ತಿಗೆ ಸರಿಯಾಗಿ ಮುದ್ರಣಕ್ಕೆ ಬಿಡುವುದು ಕೆಲಸ. ಸಹೋದ್ಯೋಗಿಗಳು ನನ್ನನ್ನು ತಣ್ಣೀರು ಎಂದು ಕರೆಯುತ್ತಾರೆ. ಕೊನೆ ಗಳಿಗೆಯಲ್ಲಿ ದೊಡ್ಡ ಸುದ್ದಿ ಬಂದು ಪುಟ ಪೂರ್ತಿ ಕಿತ್ತು ಹಾಕಬೇಕಾದಾಗಲೂ ನನ್ನ ದನಿ ಏರುವುದಿಲ್ಲ ಎಂಬುದು ಅವರ ಲೆಕ್ಕ. ದನಿ ಏರುವುದಿಲ್ಲ ಎಂಬುದು ನಿಜ. ಉಳಿದದ್ದನ್ನು ಮುಂದೆ ಹೇಳುತ್ತೇನೆ.

ಅವ್ವನಿಗೆ ಕಣ್ಣು ಬೇಕಾಗಿದ್ದದ್ದು ಒಂದೇ ಕೆಲಸಕ್ಕೆ. ನಮ್ಮದು ಕುರಿ ಕಾಯುವ ಮನೆ. ಅಣ್ಣ ಬೆಳಿಗ್ಗೆ ಹಿಂಡು ಹೊಡೆದುಕೊಂಡು ಅಡವಿಗೆ ಹೋದರೆ, ಎಳೆಯ ಮರಿಗಳು ಮನೆಯ ಹಿಂದಿನ ದೊಡ್ಡಿಯಲ್ಲಿ ತಡಿಕೆಯ ಒಳಗೆ ಉಳಿಯುತ್ತವೆ. ಸಂಜೆ ತಾಯಿ ಕುರಿಗಳು ಕೆಚ್ಚಲು ತುಂಬಿಕೊಂಡು ಅರಚುತ್ತ ಬರುತ್ತವೆ, ಒಳಗಿನಿಂದ ಮರಿಗಳು ಅರಚುತ್ತವೆ. ಆಗ ತಡಿಕೆ ಸರಿಸಿ ಒಂದೊಂದು ಮರಿಯನ್ನೂ ಅದರ ತಾಯಿಗೆ ಕೂಡಿಸಬೇಕು. ದೊಡ್ಡ ಮರಿಗಳು ತಾವೇ ಓಡುತ್ತವೆ. ಹೊಸದಾಗಿ ಹುಟ್ಟಿದವು, ಸೊರಗಿದವು, ತಾಯಿ ಸರಿಯಾಗಿ ಹಚ್ಚಿಕೊಳ್ಳದವು, ಇವನ್ನು ಎತ್ತಿ ಒಯ್ದು ಕುಡಿಸಬೇಕು. ಮದುವೆಯಾಗಿ ಬಂದಂದಿನಿಂದ ಅದು ಅವ್ವನ ಕೆಲಸ. ಯಾವ ಮರಿ ಯಾವುದರದ್ದು ಎಂದು ಅವಳು ಮುಖ ನೋಡಿ ಹೇಳುತ್ತಿದ್ದಳು. ಇದು ವಿಶೇಷ ವಿದ್ಯೆಯೇನೂ ಅಲ್ಲ. ನಮ್ಮ ಓಣಿಯಲ್ಲಿ ಎಲ್ಲರಿಗೂ ಬರುತ್ತದೆ, ಬಾಲ್ಯದಲ್ಲಿ ನನಗೂ ಬರುತ್ತಿತ್ತು.

ಕಣ್ಣು ಮಂಜಾದ ಮೇಲೆ ಒಂದು ಸಂಜೆ ಅವಳು ಎತ್ತಿ ಒಯ್ದ ಮರಿಯನ್ನು ಆ ಕುರಿ ಮೂಸಿ ನೋಡಿ ಹಾಯ್ದು ಕೆಡವಿತು. ಅತ್ತಿಗೆ ಓಡಿ ಬಂದು ಮರಿಯನ್ನು ಎತ್ತಿಕೊಂಡಳು. ಮಾರನೆಯ ದಿನ ಸಂಜೆ, "ಅತ್ತಿ, ನೀವು ಒಲಿ ಮುಂದ ಕುಂದರ್ರಿ, ಚಾ ಕಾಸ್ರಿ, ನಾ ನೋಡ್ತೀನಿ" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಅವ್ವ ಆ ವಾರ ನನಗೆ ಫೋನ್ ಮಾಡಿಸಿ ಹೇಳಿದಳು: "ಯಪ್ಪಾ, ನನ್ನ ಕಣ್ಣು ಮಾಡಿಸಿಕೊಡು. ಚಾ ಕಾಸಾಕ ನಾ ಏನು ಹೋಟೆಲ್ ಇಟ್ಟೀನೇನು?"

ಅದು ಕಷ್ಟದ ಕೆಲಸವಲ್ಲ ಎಂದೇ ಎಲ್ಲರೂ ತಿಳಿದಿದ್ದೆವು. ಅಳತೆ, ತಪಾಸಣೆ ಎಲ್ಲ ಮುಗಿದು ದಿನ ಗೊತ್ತಾಯಿತು. ಅವತ್ತು ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಅವಳನ್ನು ಇಳಿಸಿಕೊಂಡಾಗ ನಾನು ಮೊದಲು ಗಮನಿಸಿದ್ದು ಕೈ. ಹೊರಗೆ ರಾಯಚೂರಿನ ಬಿಸಿಲು ಆಗಲೇ ಕಾಯಲು ಶುರುವಾಗಿತ್ತು. ಅವಳ ಅಂಗೈ ಮಾತ್ರ ಕೊಡದ ತಳದ ಹಾಗೆ ತಣ್ಣಗಿತ್ತು. ನಾಲಗೆ ಒಣಗಿ ಮಾತು ಅಂಟಂಟಾಗಿ ಬರುತ್ತಿತ್ತು. ಹಿಂದಿನ ರಾತ್ರಿಯಿಂದ ರೊಟ್ಟಿ ಸೇರಿಲ್ಲವೆಂದು ಜೊತೆಗೆ ಬಂದ ಅಣ್ಣ ಹೇಳಿದ. ಆಟೋದಲ್ಲಿ ಕುಳಿತವಳು, "ಮನಿ ಕೀಲಿ ಹಾಕಿ ಬಂದ್ಯೇನೋ?" ಎಂದು ಅವನನ್ನು ಕೇಳಿದಳು. ಮನೆಯಲ್ಲಿ ಅತ್ತಿಗೆ ಇದ್ದಳು. ಸ್ವಲ್ಪ ದೂರ ಹೋದ ಮೇಲೆ ಅದನ್ನೇ ಮತ್ತೆ ಕೇಳಿದಳು.

ನರ್ಸ್ ತೋಳಿಗೆ ಪಟ್ಟಿ ಸುತ್ತಿದಳು, ಯಂತ್ರ ಗುರ್ರೆಂದಿತು, ಅವ್ವ ಕಣ್ಣು ಮುಚ್ಚಿ ಉಸಿರು ಹಿಡಿದಳು. ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡಿದರು. ಮೊದಲಿಗಿಂತ ಹೆಚ್ಚಾಗಿತ್ತು. ಡಾಕ್ಟರ್ ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು, ತಾಳ್ಮೆಯವಳು. ಇಷ್ಟು ಏರಿದಾಗ ಕಣ್ಣಿಗೆ ಕೈ ಹಚ್ಚುವುದು ಸರಿಯಲ್ಲ, ಊರಿನಲ್ಲಿ ಕೆಲವು ದಿನ ನೋಡಿಸಿಕೊಂಡು ಬನ್ನಿ ಎಂದು ಕಳಿಸಿದಳು. ಊರಿನಲ್ಲಿ ನೋಡಿದರೆ ಎಲ್ಲ ಸರಿ. ದೇವದುರ್ಗದ ಡಾಕ್ಟರೂ ನೋಡಿ, ಇವರಿಗೆ ಮಾತ್ರೆ ಯಾಕೆ ಎಂದರು. ಎರಡನೆಯ ಸಲ ಬಂದಾಗ ಅದೇ ತಣ್ಣನೆಯ ಕೈ, ಅದೇ ಅಂಕಿ.

ಆ ಸಲ ಡಾಕ್ಟರ್ ಅವ್ವನಿಗೆ ತಿಳಿಯುವಂತೆ ಹೇಳಲು ನೋಡಿದಳು. "ಯವ್ವಾ, ಮೈಗೆ ಗೊತ್ತಾಗಂಗಿಲ್ಲ. ತೋಳ ಬಂದ್ರೂ ಒಂದ, ಆಸ್ಪತ್ರಿ ಬಂದ್ರೂ ಒಂದ. ಓಡಬೇಕೇನೋ, ಬಡಿಬೇಕೇನೋ ಅಂತ ತಯಾರಾಗಿ ಬಿಡ್ತದ. ಎದಿ ಜೋರು ಬಡೀತದ, ಕೈಕಾಲು ತಣ್ಣಗಾಗತಾವ, ಬಾಯಿ ಒಣಗತದ. ಅದಕ್ಕ ಬಿಪಿ ಏರ್ತದ."

ಅವ್ವ ಇದನ್ನು ಪೂರ್ತಿ ಕೇಳಿದಳು. ಆಮೇಲೆ ಹೇಳಿದಳು: "ತೋಳ ಬಂದ್ರ ನನಗ ಏನ್ ಮಾಡಬೇಕು ಗೊತ್ತದವ್ವಾ. ಕೂಗಬೇಕು, ಕಲ್ಲು ಒಗೀಬೇಕು. ಈ ಪಟ್ಟಿಗೆ ಏನ್ ಮಾಡ್ಲಿ ಹೇಳು? ಕಲ್ಲು ಒಗೀಲೇನು?"

ಡಾಕ್ಟರ್ ನಕ್ಕಳು. ನಾನು ನಗಲಿಲ್ಲ. ಆ ಮಾತು ನನ್ನ ಕೆಲಸಕ್ಕೂ ಹೊಂದುತ್ತದೆ ಎಂದು ಆ ಕ್ಷಣಕ್ಕೆ ಅನ್ನಿಸಿತ್ತು. ಸಂಜೆಯ ಹೊತ್ತು ನನ್ನ ಎದುರಿಗೆ ಇರುವುದೂ ಬರೀ ಪರದೆ. ಕೂಗುವಂತಿಲ್ಲ, ಕಲ್ಲು ಒಗೆಯುವಂತಿಲ್ಲ. ಕುಳಿತಿರಬೇಕು. ಹೊರಗೆ ತೋರಿಸದ ಅವಸರವನ್ನೆಲ್ಲ ಹಲ್ಲುಗಳ ನಡುವೆ ಇಟ್ಟುಕೊಳ್ಳುವುದು ನನಗೆ ರೂಢಿಯಾಗಿತ್ತು. ಬೆಳಿಗ್ಗೆ ಏಳುವಾಗ ದವಡೆ ನೋಯುತ್ತಿತ್ತು, ಕಿವಿಯ ಹತ್ತಿರ ಬಿಗಿ ಇರುತ್ತಿತ್ತು. ಒಮ್ಮೆ ಹುರಿದ ಶೇಂಗಾ ತಿನ್ನುವಾಗ ಹಲ್ಲಿನ ಅಂಚು ಮುರಿದು ಕೈಗೆ ಬಂತು. ಹೆಂಡತಿ ಬಹಳ ದಿನದಿಂದ ಹೇಳುತ್ತಿದ್ದಳು, "ನಿದ್ಯಾಗ ಹಲ್ಲು ಕಡೀತೀರಿ ನೀವು. ಮಗ್ಗಲದಾಗ ಯಾರೋ ಜ್ವಾಳ ಬೀಸಾಕತ್ತಂಗ ಕೇಳ್ತದ." ಶೇಂಗಾದಲ್ಲಿ ಕಲ್ಲಿತ್ತು ಎಂದು ನಾನು ಅವಳಿಗೆ ಹೇಳಿದೆ.

ಅವ್ವನ ವಿಷಯದಲ್ಲಿ ಮಾತ್ರ ನಾನು ವರದಿಗಾರನ ಹಾಗೆಯೇ ವಿಚಾರಿಸಿದೆ. ಆಸ್ಪತ್ರೆಯಲ್ಲಿ ಏರುತ್ತದೆಂದರೆ ಆಸ್ಪತ್ರೆಗೆ ಬರುವ ಮೊದಲು ಏನಾಗುತ್ತದೆ ಎಂದು ಅತ್ತಿಗೆಯನ್ನು ಕೇಳಿದೆ. ಅವಳು ಹೇಳಿದ್ದು ನಮ್ಮ ಓಣಿಯವರೆಲ್ಲರಿಗೂ ಗೊತ್ತಿರುವ ವಿಷಯ, ಅದಕ್ಕೇ ಯಾರೂ ಗಮನಿಸಿರಲಿಲ್ಲ.

ನಮ್ಮಲ್ಲಿ ಯಾರೂ ಹೇಳದೆ ಆಪರೇಷನ್ನಿಗೆ ಹೋಗುವುದಿಲ್ಲ. ಹಿಂದಿನ ದಿನ ಮನೆಮನೆಗೆ ಹೋಗಿ "ಹೋಗಿ ಬರ್ತೀನಿ" ಎಂದು ಹೇಳಬೇಕು. ಮರುದಿನ ಬೆಳಗಿನ ಬಸ್ಸಿಗೆ ಮುಂಚೆ ಅವರೆಲ್ಲ ತಿರುಗಿ ಬರುತ್ತಾರೆ. ಹಣೆಗೆ ಭಂಡಾರ, ಎಂದರೆ ದೇವರ ಅರಿಶಿನ, ಹಚ್ಚುತ್ತಾರೆ, ಕಾಲು ಮುಟ್ಟುತ್ತಾರೆ, ಉಡಿಯಲ್ಲಿ ಕೊಬ್ಬರಿ ಹಾಕುತ್ತಾರೆ. ಬರಿಗೈಯಲ್ಲಿ ಬರುವುದಿಲ್ಲ, ಬರಿಬಾಯಲ್ಲೂ ಬರುವುದಿಲ್ಲ. ಒಬ್ಬಳು ತನ್ನ ದೊಡ್ಡಮ್ಮನ ಕಣ್ಣು ಹೋದ ಕತೆ ಹೇಳಿದರೆ, ಇನ್ನೊಬ್ಬಳು ಆಪರೇಷನ್ ಆಗಿ ಮೂರನೆಯ ದಿನಕ್ಕೆ ಕೆಮ್ಮಿದ್ದಕ್ಕೆ ಹೊಲಿಗೆ ಬಿಚ್ಚಿದ ತನ್ನ ಮಾವನನ್ನು ನೆನೆಯುತ್ತಾಳೆ. "ನಿನಗ ಹಂಗ ಆಗಂಗಿಲ್ಲ ಬಿಡವ್ವಾ" ಎಂದು ಕೊನೆಗೆ ಸೇರಿಸುವುದನ್ನು ಯಾರೂ ಮರೆಯುವುದಿಲ್ಲ. ಅವ್ವ ಅದನ್ನೆಲ್ಲ ತಲೆಯಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಿದ್ದಳು.

"ಅದರ ಮ್ಯಾಲ ನೀವೊಬ್ರು," ಎಂದು ಅತ್ತಿಗೆ ನಕ್ಕಳು. "ಗುಳಿಗಿ ತೊಗೊಂಡ್ಯೇನು, ಉಂಡ್ಯೇನು, ಅಂಜಬ್ಯಾಡ, ಅಂಜಬ್ಯಾಡ ಅಂತ ದಿನಾ ಫೋನು. ಫೋನ್ ಬಡಿದ್ರ ಅತ್ತಿ ಎದಿ ಹಿಡ್ಕೊಂಡು ಕುಂದರ್ತಾರ."

ಒಂದು ಸುದ್ದಿಯನ್ನು ಮೂರು ಸಲ ಖಚಿತಪಡಿಸಿಕೊಳ್ಳುವುದು ನಮ್ಮ ಕೆಲಸದ ಶಿಸ್ತು. ಅವ್ವ ಸುದ್ದಿಯಲ್ಲ ಎಂದು ಅತ್ತಿಗೆಗೆ ಗೊತ್ತಿತ್ತು. ಫೋನು ಕಡಿಮೆ ಮಾಡಿದೆ. ಓಣಿಯನ್ನು ಏನು ಮಾಡುವುದು ಎಂದು ಮಾತ್ರ ನಮಗ್ಯಾರಿಗೂ ಹೊಳೆಯಲಿಲ್ಲ. ಹೇಳದೆ ಹೋಗೋಣ ಎಂದರೆ ಅವ್ವ ಒಪ್ಪುವವಳಲ್ಲ. "ಕಳ್ಳರಂಗ ಹೋಗಲೇನು?" ಎಂದಳು. ಮೂರನೆಯ ಸಲಕ್ಕೆ ದಿನ ಗೊತ್ತು ಮಾಡುವುದನ್ನು ನಾನು ಮುಂದೂಡುತ್ತ ಹೋದೆ.

ಹೀಗಿರುವಾಗ ಮಾನ್ವಿಯಿಂದ ತಂಗಿ ಫೋನ್ ಮಾಡಿದಳು. ಅವಳನ್ನು ಮಾನ್ವಿಗೆ ಕೊಟ್ಟಿದ್ದೇವೆ. ಕಾಲುವೆಯ ಗದ್ದೆ, ಅಕ್ಕಿ ವ್ಯಾಪಾರ ಇರುವ ಮನೆ. ಅವಳ ಅತ್ತೆ, ಎಂದರೆ ನಮ್ಮ ಅವ್ವನ ಬೀಗತಿ, ದೊಡ್ಡ ದನಿಯ ಹೆಂಗಸು. ಅಂಗಡಿಯಲ್ಲಿ ಅವರು ಒಂದು ಮಾತು ಆಡಿದರೆ ಹಮಾಲರು ಚೀಲ ಕೆಳಗಿಳಿಸಿ ಕೇಳುತ್ತಾರೆ. ಅವರಿಗೂ ಕಣ್ಣಿನಲ್ಲಿ ಪೊರೆ ಬೆಳೆದಿತ್ತು. ದಿನ ಗೊತ್ತಾದ ಮೇಲೆ, ಸೊಂಟ ನೋವು ಎಂದು ಒಮ್ಮೆ, ಮನೆಗೆ ನೆಂಟರು ಬರುತ್ತಾರೆಂದು ಒಮ್ಮೆ, ತಪ್ಪಿಸಿಕೊಂಡಿದ್ದರು. "ಅಂಜಿಕಿ ಅದ, ಬಾಯಿಬಿಟ್ಟು ಹೇಳವಲ್ರು," ಎಂದಳು ತಂಗಿ. "ಅವ್ವನ್ನ ಕಳಿಸು. ಅವ್ವ ಬಾಜೂಕ ಕುಂತ್ರ ಬರ್ತಾರ. ಬೀಗ್ತಿ ಮುಂದ ಒಲ್ಲೆ ಅಂತ ಹೆಂಗ ಅಂತಾರ?"

ಅದು ಸರಿಯಾದ ಲೆಕ್ಕ. ನಮ್ಮ ಕಡೆ ಬೀಗರ ಎದುರು ಏನನ್ನಾದರೂ ತೋರಿಸಬಹುದು, ಅಂಜಿಕೆಯನ್ನು ತೋರಿಸುವಂತಿಲ್ಲ. ಬೀಗರ ನಡುವೆ ಮಾತಿಗೆ ಮಾತು ಕೊಡುವುದು ಮರ್ಯಾದೆಯ ಒಂದು ಬಗೆ. ಸುಮ್ಮನಿದ್ದರೆ ಏನೋ ಕೊರತೆಯಾಗಿದೆ ಎಂದರ್ಥ.

ಅವ್ವ ಕಡಕ್ ರೊಟ್ಟಿಯ ಕಟ್ಟು, ಶೇಂಗಾ ಹಿಂಡಿ, ಪುಂಡಿ ಪಲ್ಯ ಕಟ್ಟಿಕೊಂಡು ಮಾನ್ವಿಗೆ ಹೋದಳು. ಮಗಳ ಮನೆಗೆ ಹೋಗುವವಳಿಗೆ ಓಣಿ ಭಂಡಾರ ಹಚ್ಚಲಿಲ್ಲ, ಕತೆ ಹೇಳಲಿಲ್ಲ. ಮಗಳಿಗೆ ಇಷ್ಟು ಖಾರದ ಪುಡಿ ಕೊಡು ಎಂದು ಯಾರೋ ಒಬ್ಬರು ಒಂದು ಡಬ್ಬಿ ಕೊಟ್ಟರು, ಅಷ್ಟೆ. ಇದನ್ನು ನಾನೇ ಯೋಚಿಸಿ ಮಾಡಿಸಿದ್ದೆಂದು ತಂಗಿ ಇವತ್ತಿಗೂ ನಂಬಿದ್ದಾಳೆ. ದಾಖಲೆಗೆ ಇರಲಿ ಎಂದು ಬರೆಯುತ್ತೇನೆ: ಇಲ್ಲ. ಆ ದಿನ ಅವ್ವನ ಕಣ್ಣಿನ ಯೋಚನೆ ಯಾರ ತಲೆಯಲ್ಲೂ ಇರಲಿಲ್ಲ, ಅವಳ ತಲೆಯಲ್ಲೂ.

ಎರಡು ದಿನ ಬಿಟ್ಟು ಮಾನ್ವಿ ಬಸ್ಸಿನಿಂದ ಮೂವರೂ ಇಳಿದರು. ನಾನು ಆಟೋ ಹಿಡಿದು ನಿಂತಿದ್ದೆ. ತಂಗಿ ಚೀಲ ಹಿಡಿದು ಹಿಂದೆ ಬರುತ್ತಿದ್ದಳು, ಮುಂದೆ ಬೀಗತಿಯರಿಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಜಗಳವಾಡುತ್ತ ಬರುತ್ತಿದ್ದರು. ಇಬ್ಬರಿಗೂ ಕಣ್ಣು ಸರಿಯಿಲ್ಲ. ಯಾರು ಯಾರನ್ನು ನಡೆಸುತ್ತಿದ್ದರೆಂದು ಹೇಳುವುದು ಕಷ್ಟವಿತ್ತು.

"ನಿಮ್ಮ ರೊಟ್ಟಿ ತಿಂದು ನನ್ನ ಇದ್ದೊಂದು ಹಲ್ಲೂ ಅಲುಗಾಡಾಕತ್ತದ ನೋಡ್ರಿ ಬೀಗ್ತ್ಯಾರ," ಎನ್ನುತ್ತಿದ್ದರು ತಂಗಿಯ ಅತ್ತೆ.

"ಕಾಲುವಿ ನೀರು ಕುಡದು ಅನ್ನ ಉಂಡವ್ರು ನೀವು, ಮೆತ್ತಗಾಗೀರಿ. ಕಣ್ಣ ತಗಸೋದಲ್ಲ, ಮದಲ ಹಲ್ಲು ಕಟ್ಟಿಸ್ಕೊಳ್ರಿ," ಎಂದಳು ಅವ್ವ.

ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತ ಮೇಲೆ ತಂಗಿಯ ಅತ್ತೆಯ ಮಾತು ಸಣ್ಣದಾಯಿತು. ಅವರ ಒಂದು ಕೈ ಸೀರೆಯ ಸೆರಗನ್ನು ಸುತ್ತುತ್ತಿತ್ತು, ಬಿಚ್ಚುತ್ತಿತ್ತು. ಅವ್ವ ಅದನ್ನು ನೋಡಲಾರಳು. ಆದರೆ ಇನ್ನೊಂದು ಕೈ ಹಿಡಿದಿದ್ದಳು. "ಕೈ ತಣ್ಣಗಾಗ್ಯಾವಲ್ರೀ," ಎಂದಳು. ಆ ತಣ್ಣಗಿನ ಗುರುತು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೀಗತಿಯ ಎರಡೂ ಅಂಗೈಗಳನ್ನು ತನ್ನ ಅಂಗೈಗಳ ನಡುವೆ ಇಟ್ಟು ಉಜ್ಜತೊಡಗಿದಳು. ಆಮೇಲೆ ಒಂದು ಕೈ ತೆಗೆದು ಅವರ ಹಣೆಯ ನಡುವೆ ಹೆಬ್ಬೆರಳಿನಿಂದ ಮೆಲ್ಲಗೆ ತೀಡಿದಳು.

"ಏನ್ ಮಾಡಾಕತ್ತೀರಿ?"

"ಚೊಚ್ಚಲ ಕುರಿ ಈಯುವಾಗ ಹಿಂಗ ತೀಡ್ತೀವಿ. ಸುಮ್ನಾಗತದ."

"ಅಯ್ಯ! ನಾ ಏನ್ ಕುರಿ ಏನ್ರೀ?"

"ಕುರಿ ಆಗಿದ್ರ ಇಷ್ಟೊತ್ತಿಗೆ ಸುಮ್ನಾಗತಿತ್ತಲ್ರೀ!"

ಬೆಂಚಿನಲ್ಲಿದ್ದವರು ನಕ್ಕರು. ಪಟ್ಟಿ ಹಿಡಿದು ಬಂದ ನರ್ಸ್ ಕೂಡ ನಕ್ಕಳು. ಆಕೆ ರಾಯಚೂರಿನವಳೇ, ಮನೆಯಿಂದ ಫೋನ್ ಬಂದರೆ ದಖನಿ ಉರ್ದುವಿನಲ್ಲಿ ಮಾತಾಡುತ್ತಾಳೆ, ನಮ್ಮಂಥವರ ಜೊತೆ ಕನ್ನಡದಲ್ಲಿ. ತಂಗಿಯ ಅತ್ತೆಯ ತೋಳಿಗೆ ಪಟ್ಟಿ ಸುತ್ತಿ ನೋಡಿದಳು. ಹೆಚ್ಚಿತ್ತು. "ಫಿಕರ್ ಮಾಡಬ್ಯಾಡ್ರಿ ಅಮ್ಮಾ, ಆರಾಮ್ ಕುಂದರ್ರಿ, ಮತ್ತ ನೋಡೂಣು," ಎಂದಳು.

ತಂಗಿಯ ಅತ್ತೆಗೆ ಇದು ಅವಮಾನವಾಯಿತು. "ನನ್ನ ಒಬ್ಬಾಕಿದ ಯಾಕ ನೋಡ್ತೀಯವ್ವಾ? ಇವ್ರದೂ ನೋಡು. ಬೆಳಗಿನಿಂದ ನನಗ ಧೈರ್ಯ ಹೇಳಾಕತ್ತಾರ. ಇವ್ರ ಧೈರ್ಯ ಎಷ್ಟದ ನೋಡೂಣು."

ನಾನು ಏಳಲು ಹೋದೆ. ತಂಗಿ ನನ್ನ ತೋಳು ಹಿಡಿದಳು. ಬೀಗತಿ ಸವಾಲು ಹಾಕಿದ ಮೇಲೆ ಅವ್ವ ಇಲ್ಲವೆನ್ನುವಂತಿರಲಿಲ್ಲ. ತೋಳು ಚಾಚಿದಳು. ಯಂತ್ರ ಗುರ್ರೆಂದಿತು. ಈ ಸಲ ಅವಳು ಕಣ್ಣು ಮುಚ್ಚಲಿಲ್ಲ, ಉಸಿರು ಹಿಡಿಯಲಿಲ್ಲ. ಬೀಗತಿಯ ಕಡೆಗೇ ಮುಖ ಮಾಡಿ ಮಾತು ಮುಂದುವರಿಸಿದ್ದಳು.

"ಧೈರ್ಯದ ಮಾತು ಬಂತಲ್ಲ, ಮದುವ್ಯಾಗ ನಮ್ಮೂರಿಗೆ ಬಂದು ಅನ್ನ ಮುದ್ದಿ ಆಗ್ಯಾದ ಅಂತ ಪಂಕ್ತ್ಯಾಗ ಕುಂತು ಒದರಿದ್ರಿ. ನಾ ಅವತ್ತ ಏನೂ ಅನ್ನಲಿಲ್ಲ."

"ಮುದ್ದಿ ಆಗಿತ್ತಲ್ರೀ ಮತ್ತ! ಅನ್ನ ಮಾಡಾಕ ಬರ್ತದೇನ್ರೀ ನಿಮ್ಮೂರಾಗ?"

"ಮುದ್ದಿ ಆಗ್ಯಾದ ಅನ್ಕೋತ ಅನ್ಕೋತ ಎಷ್ಟ್ ಸಲ ನೀಡಿಸ್ಕೊಂಡ್ರಿ? ಬಡಸಾಕ ನಿಂತಾಕಿ ನಾನಽ ಇದ್ದೆ."

"ಯಮ್ಮಾ, ಸ್ವಲ್ಪ ಮಾತಾಡಬ್ಯಾಡ್ರಿ," ಎಂದಳು ನರ್ಸ್. ಯಂತ್ರ ನಿಂತಿತು. ಅವಳು ಅಂಕಿ ನೋಡಿದಳು, ಅವ್ವನ ಮುಖ ನೋಡಿದಳು. "ನೀವ ಅಲ್ಲೇನ್ರಿ, ಎರಡು ಸಲ ವಾಪಸ್ ಹೋದ ಯಮ್ಮ?" ಸುಮ್ಮನೆ ಕೂರಿಸಿ ಇನ್ನೊಂದು ತೋಳಿಗೆ ಕಟ್ಟಿ ನೋಡಿದಳು. ಆಮೇಲೆ ಒಳಗೆ ಹೋಗಿ ಡಾಕ್ಟರನ್ನು ಕರೆತಂದಳು.

ಡಾಕ್ಟರ್ ತಾನೇ ಇನ್ನೊಮ್ಮೆ ನೋಡಿದಳು. ಅರಕೇರಾದ ಕಟ್ಟೆಯ ಮೇಲಿನ ಅಂಕಿಯೇ ಅದು. "ಯವ್ವಾ, ನಿಮ್ಮ ಅಳತಿ, ತಪಾಸಣಿ ಎಲ್ಲಾ ನಮ್ಮ ಹತ್ರ ಅದ. ಸಕ್ಕರಿ ಒಂದು ಮತ್ತ ನೋಡಿ, ಡ್ರಾಪ್ಸ್ ಹಾಕಿ ಕೂಡಿಸ್ತೀನಿ. ಹಿಂಗ ಇದ್ರ ಮಧ್ಯಾಹ್ನಕ್ಕ ನಿಮ್ಮದಽ ಮಾಡಿಬಿಡೂಣೇನು?"

ಅವ್ವನಿಗೆ ಮಾತು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಕೂಡಲೇ ಅವಳ ಮುಖ ಬದಲಾದದ್ದನ್ನು ನಾನು ನೋಡಿದೆ. "ಯಾರಿಗೂ ಹೇಳಿ ಬಂದಿಲ್ಲಲ್ಲೋ ಯಪ್ಪಾ," ಎಂದಳು ನನ್ನ ಕಡೆ ತಿರುಗಿ. ತುಟಿ ಒಣಗಿತ್ತು, ನಾಲಗೆ ಸವರಿಕೊಂಡಳು. ಹಿಂದಿನ ಎರಡು ಸಲದ ಹಾಗೆಯೇ ಇದೂ ಹೋಯಿತು ಎಂದುಕೊಂಡೆ. ಸಂಜೆ ಒಲೆಯ ಮುಂದೆ ಕುಳಿತು ಮರಿಗಳ ಅರಚಾಟ ಕೇಳುವ ಅವ್ವ ಕಣ್ಣ ಮುಂದೆ ಬಂದಳು. ಅಂಜಬೇಡ ಎನ್ನಲು ಬಾಯಿ ತೆರೆದೆ. ಅತ್ತಿಗೆಯ ನಗು ನೆನಪಾಗಿ ಮುಚ್ಚಿದೆ.

ಮಾತಾಡಿದವರು ತಂಗಿಯ ಅತ್ತೆ. "ಓಣಿಯವ್ರಿಗೆ ಹೇಳಬೇಕೇನು? ಇವತ್ತ ನಿಮ್ಮ ಓಣಿ ನಾನಽ ಅಂತ ತಿಳ್ಕೊಳ್ರಿ. ಹೇಳ್ರಿ ನನಗ."

ಅವ್ವ ಎದ್ದು ನಿಂತು, ಸೆರಗು ತಲೆಯ ಮೇಲೆ ಎಳೆದುಕೊಂಡು, ಒಂದೊಂದು ಮನೆಯ ಬಾಗಿಲಿನಲ್ಲಿ ನಿಂತು ಹೇಳುತ್ತಿದ್ದ ಹಾಗೆಯೇ ಹೇಳಿದಳು: "ಹೋಗಿ ಬರ್ತೀನ್ರೀ."

"ಹೋಗಿ ಬರ್ರಿ. ಬಂದು ನನ್ನ ಮುಖ ನೋಡಿ ನಾ ಎಷ್ಟ್ ಚಂದ ಅದೀನಿ ಹೇಳ್ರಿ," ಎಂದರು ಬೀಗತಿ. ಸತ್ತವರ, ಕಣ್ಣು ಹೋದವರ ಕತೆ ಯಾವುದನ್ನೂ ಹೇಳಲಿಲ್ಲ. ಅವರಿಗೆ ಅಂಥ ಕತೆಗಳು ಗೊತ್ತಿರಲಿಲ್ಲ ಎಂದಲ್ಲ. ಅಂಜಿಕೆ ಏನೆಂದು ಅವರಿಗೆ ಆ ಹೊತ್ತಿನಲ್ಲಿ ಚೆನ್ನಾಗಿ ಗೊತ್ತಿತ್ತು.

ಡ್ರಾಪ್ಸ್ ಹಾಕಿ ಕೂರಿಸಿದ ಹೊತ್ತಿನಲ್ಲೂ ಅವರಿಬ್ಬರ ಮಾತು ನಿಲ್ಲಲಿಲ್ಲ. ಮುದ್ದೆಯಾದ ಅನ್ನದಿಂದ ಅದು ಮದುವೆಯಲ್ಲಿ ಕೊಟ್ಟ ಸೀರೆಯ ಬಣ್ಣಕ್ಕೆ, ಅಲ್ಲಿಂದ ತಂಗಿಯ ಬಾಣಂತನಕ್ಕೆ ಹೋಯಿತು. ಒಳಗೆ ಕರೆಯುವ ಮುಂಚೆ ಮತ್ತೆ ನೋಡಿದರು. ಸರಿಯಿತ್ತು. ಅವ್ವ ಹಸಿರು ನಿಲುವಂಗಿ ತೊಟ್ಟು, "ಇದೇನು ಮೊಹರಂ ವೇಷ ಹಾಕೀರಿ ನನಗ" ಎನ್ನುತ್ತ ನರ್ಸಿನ ಕೈ ಹಿಡಿದು ಒಳಗೆ ಹೋದಳು. ಬಾಗಿಲು ಮುಚ್ಚಿತು.

ನಾನು ಬಾಗಿಲಿಗೆ ಎದುರಾಗಿ ನಿಂತೆ. ಕಿಸೆಯಲ್ಲಿ ಕಚೇರಿಯ ಫೋನು ನಡುಗುತ್ತಿತ್ತು. ತಂಗಿ ನೀರು ತರಲು ಹೋಗಿದ್ದಳು. ಬೆಂಚಿನಿಂದ ಅವಳ ಅತ್ತೆಯ ದನಿ ಬಂತು: "ಇಲ್ಲಿ ಯಾರೋ ಜ್ವಾಳ ಅಗಿಯಾಕತ್ತಾರಲ್ಲ, ಯಾರದು?"

ಆ ಹೊತ್ತಿಗೆ ಅಲ್ಲಿ ಅವರನ್ನೂ ನನ್ನನ್ನೂ ಬಿಟ್ಟು ಯಾರೂ ಉಳಿದಿರಲಿಲ್ಲ.

"ತಮ್ಮಾ, ನೀ ಏನು?" ಎಂದರು. "ಬಾ ಇಲ್ಲಿ, ಕುಂದರು." ಕಣ್ಣು ಮಂಜಾದವರಿಗೆ ಕಿವಿ ಚುರುಕು. ಕುಳಿತ ಕೂಡಲೇ ಕೈ ಹಿಡಿದು ನೋಡಿ, ಹೊರಗೆ ಬಂದ ನರ್ಸನ್ನು ಕೂಗಿದರು. "ಇವನ ಕೈ ನನ್ನ ಕೈಗಿಂತ ತಣ್ಣಗ ಅದ. ಇವಗೂ ಕಟ್ಟವ್ವಾ ಆ ಪಟ್ಟಿ."

ನರ್ಸ್ ತಮಾಷೆಗೆಂದೇ ಕಟ್ಟಿದಳು. ಅಂಕಿ ಬಂದಾಗ ತಮಾಷೆ ನಿಲ್ಲಿಸಿ ಮತ್ತೊಮ್ಮೆ ನೋಡಿದಳು. ಆ ದಿನ ಆ ಬೆಂಚಿನಲ್ಲಿ ಕುಳಿತಿದ್ದವರಲ್ಲಿ ಅತಿ ಹೆಚ್ಚು ಬಿಪಿ ಇದ್ದದ್ದು ನನಗೆ. ತಣ್ಣೀರು ಎಂದು ಹೆಸರು ಪಡೆದವನ ಒಳಗೆ ಒಲೆ ಉರಿಯುತ್ತಿದ್ದುದು ಹೀಗೆ ದಾಖಲಾಯಿತು. ನೀರು ತಂದ ತಂಗಿ ವಿಷಯ ಕೇಳಿ, ಲೋಟವನ್ನು ಅತ್ತೆಗೆ ಕೊಡುವ ಬದಲು ನನ್ನ ಕೈಗೆ ಕೊಟ್ಟಳು. ಕಿಸೆಯ ಫೋನು ತೆಗೆದು ತನ್ನ ಚೀಲದೊಳಗೆ ಹಾಕಿಕೊಂಡಳು. ಆ ಸಂಜೆಯ ಪುಟವನ್ನು ಕಚೇರಿಯ ಹುಡುಗಿಯೊಬ್ಬಳು ಮಾಡಿ ಬಿಟ್ಟಳು. ಮರುದಿನ ಹುಡುಕಿದರೂ ಅದರಲ್ಲಿ ನನಗೆ ತಿದ್ದಲು ಹೆಚ್ಚೇನೂ ಸಿಗಲಿಲ್ಲ.

ಆಪರೇಷನ್ ಸಸೂತ್ರವಾಗಿ ಆಯಿತು. ಮಾರನೆಯ ಬೆಳಿಗ್ಗೆ ಕಣ್ಣಿನ ಪಟ್ಟಿ ಬಿಚ್ಚುವಾಗ ತಂಗಿಯ ಅತ್ತೆ ಮಾನ್ವಿಗೆ ಹೋಗದೆ ನಮ್ಮ ಮನೆಯಲ್ಲೇ ಉಳಿದು ಜೊತೆಗೆ ಬಂದಿದ್ದರು. ಅವರ ಬಿಪಿ ಹಿಂದಿನ ದಿನ ಇಳಿದಿರಲಿಲ್ಲ. ಮಾತ್ರೆ ಬರೆದುಕೊಟ್ಟು ಎರಡು ವಾರ ಬಿಟ್ಟು ಬರಲು ಹೇಳಿದ್ದರು. ಪಟ್ಟಿ ಬಿಚ್ಚಿದ ಮೇಲೆ ಅವ್ವ ಮೊದಲು ಕಿಟಕಿಯ ಕಡೆ ನೋಡಿದಳು, ಕಣ್ಣು ಪಿಳುಕಿಸಿದಳು, ತನ್ನ ಕೈಬಳೆ ನೋಡಿಕೊಂಡಳು. ಆಮೇಲೆ ಎದುರಿಗೆ ಮುಖ ಮುಂದಿಟ್ಟು ಕಾಯುತ್ತಿದ್ದ ಬೀಗತಿಯನ್ನು ದೀರ್ಘವಾಗಿ ನೋಡಿದಳು.

"ಬೀಗ್ತಿ," ಎಂದಳು, "ಇಷ್ಟ್ ಮುದಿಕ್ಯಾಗೀರೇನ್ರೀ ನೀವು?"

ತಂಗಿಯ ಅತ್ತೆ ನಕ್ಕ ರಭಸಕ್ಕೆ ಡಾಕ್ಟರ್ ಒಳಗಿನಿಂದ ಇಣುಕಿ ನೋಡಿದಳು. "ಕಣ್ಣು ಛಲೋ ಬಂದಾವ ಬಿಡ್ರಿ, ಬಾಯಿ ಮಾತ್ರ ಹಳೇದಽ ಅದ," ಎಂದರು. ಎರಡು ವಾರದ ಮೇಲೆ ಅವರ ಕಣ್ಣಿನ ಕೆಲಸವೂ ಆಯಿತು. ಅವತ್ತು ಕರಿ ಕನ್ನಡಕ ಹಾಕಿಕೊಂಡು ಬೆಂಚಿನ ಮೇಲೆ ಕುಳಿತ ಅವ್ವ, ಒಳಗೆ ಹೋಗುವ ಬೀಗತಿಗೆ "ಹೇಳಿ ಹೋಗ್ರಿ ನನಗ" ಎಂದು ನೆನಪಿಸಿದಳಂತೆ. ನಾನು ಅಲ್ಲಿರಲಿಲ್ಲ, ಇದು ತಂಗಿ ಹೇಳಿದ್ದು.

ಅರಕೇರಾದ ಓಣಿಯವರಿಗೆ ಬೇಜಾರಾಗಿತ್ತು. ಹೇಳದೆ ಹೋದಳು ಎಂಬ ದೂರು. ಅವ್ವ ಮನೆಮನೆಗೆ ಹೋಗಿ "ಬಂದೀನ್ರೀ" ಎಂದು ಹೇಳಿ ಸರಿಮಾಡಿಕೊಂಡಳು. ಆಮೇಲೆ ಪಕ್ಕದ ಮನೆಯವಳು ಆಪರೇಷನ್ನಿಗೆ ಹೊರಟಾಗ ಅವ್ವನೂ ಭಂಡಾರ ಹಚ್ಚಲು ಹೋದಳು. ಅಲ್ಲಿ ದೊಡ್ಡಮ್ಮನ ಕಣ್ಣಿನ ಕತೆ ಶುರುವಾಗುವ ಮೊದಲೇ ಮಾನ್ವಿಯ ಬೀಗತಿಗೆ ಮುದ್ದೆ ಅನ್ನ ಬಡಿಸಿದ ಕತೆ ತೆಗೆದಳೆಂದು ಅತ್ತಿಗೆ ಹೇಳಿದಳು. ಹೊರಟವಳು ನಗುತ್ತ ಬಸ್ಸು ಹತ್ತಿದಳಂತೆ. ಅವಳ ಬಿಪಿ ಎಷ್ಟಿತ್ತೆಂದು ನಾನು ವಿಚಾರಿಸಲಿಲ್ಲ.

ನನಗೆ ಈಗ ಬೆಳಿಗ್ಗೆ ಒಂದು ಮಾತ್ರೆ ಇದೆ, ಸಂಜೆ ಪುಟಕ್ಕೆ ಕೂರುವ ಮುಂಚೆ ಕೋಟೆಯ ಕಡೆ ಒಂದು ಸುತ್ತು ನಡಿಗೆ ಇದೆ. ಹಲ್ಲಿನ ಡಾಕ್ಟರ್ ಮಲಗುವಾಗ ಹಾಕಿಕೊಳ್ಳಲು ಒಂದು ಕವಚ ಮಾಡಿಕೊಟ್ಟಿದ್ದಾರೆ. ಕೆಲಸ ಬಿಟ್ಟಿಲ್ಲ, ಬಿಡುವ ಮನಸ್ಸೂ ಇಲ್ಲ. ಪುಟ ಹೊತ್ತಿಗೆ ಹೋಗುವುದು ನನಗೆ ಇಷ್ಟವಾದ ಕೆಲಸವೇ. ವಾರದ ರಜೆಯಲ್ಲಿ ಸಾಧ್ಯವಾದಾಗ ಅರಕೇರಾಕ್ಕೆ ಹೋಗುತ್ತೇನೆ.

ಧೂಳಿಗೆ ಹೋಗಬಾರದೆಂಬ ಡಾಕ್ಟರರ ತಡೆ ಮುಗಿದ ಮೇಲೆ ಒಂದು ಸಂಜೆ ಅಲ್ಲಿದ್ದೆ. ಹಿಂಡು ಬರುವ ಸದ್ದು ಕೇಳಿದ ಕೂಡಲೇ ಅತ್ತಿಗೆ ಒಲೆಯ ಮುಂದೆ ಹೋಗಿ ಕುಳಿತು ಚಹಾಕ್ಕೆ ಇಟ್ಟಳು. ಅವ್ವ ಎದ್ದು ದೊಡ್ಡಿಗೆ ನಡೆದಳು. ನಾನು ಗೋಡೆಗೆ ಒರಗಿ ನಿಂತೆ. ಕುರಿಗಳು ನುಗ್ಗಿ ಬಂದವು, ತಡಿಕೆ ಸರಿಯಿತು. ಆ ಗದ್ದಲದ ನಡುವೆ ಅವಳು ಹಣೆಯ ಮೇಲೆ ಬಿಳಿ ಚುಕ್ಕೆಯಿದ್ದ ಸಣ್ಣ ಮರಿಯೊಂದನ್ನು ಎತ್ತಿದಳು. ಅಣ್ಣ ಹತ್ತಿರವಿದ್ದ ಕುರಿಯೊಂದನ್ನು ಹಿಡಿದು ನಿಂತಿದ್ದ.

"ಲೇ, ಅದು ಇದರವ್ವ ಅಲ್ಲ. ಬಿಡು ಅದನ್ನ. ಆ ಕಡೀ ಕಿವಿ ಜೋತಾಡಿಸಿ ನಿಂತದಲ್ಲ, ಅದು."

ಅಣ್ಣ ಬಿಟ್ಟ. ಅವಳು ಮರಿಯನ್ನು ಒಯ್ದು ಆ ಕುರಿಯ ಮುಂದೆ ಇಳಿಸಿದಳು. ಕುರಿ ಮೂಸಿತು, ಬಾಲದ ಬುಡ ನೆಕ್ಕಿತು, ಸರಿದು ನಿಂತು ಕೆಚ್ಚಲು ಕೊಟ್ಟಿತು. ಅವ್ವ ಸೊಂಟದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನೋಡಿದಳು. ಹಾಗೇ ತಿರುಗಿದವಳ ಕಣ್ಣು ಗೋಡೆಯ ಹತ್ತಿರ ನಿಂತ ನನ್ನ ಮೇಲೆ ಬಿತ್ತು.

"ಯಪ್ಪಾ, ಗದ್ದ ಯಾಕ ಹಂಗ ಬಿಗಿ ಹಿಡದೀ? ಬಿಡು."

ಹಿಡಿದಿದ್ದು ನನಗೆ ಗೊತ್ತಿರಲಿಲ್ಲ. ಬಿಟ್ಟೆ. ಅವಳು ಆಗಲೇ ಇನ್ನೊಂದು ಮರಿಗೆ ಬಾಗಿದ್ದಳು. ಮೊದಲಿನ ಮರಿ ಮುಂಗಾಲು ಮಡಚಿ ಕುಡಿಯುತ್ತಿತ್ತು, ಅದರ ಬಾಲ ಒಂದೇ ಸಮನೆ ಅಲ್ಲಾಡುತ್ತಿತ್ತು.